ಪೆಟ್ರೋಲ್ ಕಾಸು, ಕಾಡಿನ ಕಾಲುದಾರಿ

ಹೊಸ ರಸ್ತೆ ಉದ್ಘಾಟನೆ ಅಂದ್ರೆ ನಮ್ಮ ಕ್ಯಾಮೆರಾಗಳು ಸಾಲಾಗಿ ನಿಲ್ಲುತ್ತವೆ. ಟೇಪು ಕತ್ತರಿಸೋದು, ಭಾಷಣ, ಚಪ್ಪಾಳೆ. ಅದೇ ರಸ್ತೆಯ ಗುಂಡಿ ಮುಚ್ಚಿದ ದಿನ? ಒಂದು ಕ್ಯಾಮೆರಾನೂ ಇರಲ್ಲ. ಕಟ್ಟಿದವನಿಗೆ ಹೆಸರು, ಕಾಪಾಡಿದವನಿಗೆ ಬೆವರು. ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದ್ಕೊಂಡಿದ್ದೀರಾ? ಅಮೆರಿಕದ ಕಥೆ ಹೇಳ್ತೀನಿ, ಕೇಳಿ.

1921ರಲ್ಲಿ ಬೆಂಟನ್ ಮಕೈ ಎಂಬುವರು ಅಪಲೇಚಿಯನ್ ಬೆಟ್ಟಸಾಲಿನ ಉದ್ದಕ್ಕೂ ಒಂದು ಚಾರಣದ ದಾರಿ ಬೇಕು ಎಂದು ಲೇಖನ ಬರೆದರು. 1937ರಲ್ಲಿ ದಾರಿ ಪೂರ್ಣವಾಯಿತು. ಜಾರ್ಜಿಯಾದಿಂದ ಮೇನ್‌ವರೆಗೆ, 14 ರಾಜ್ಯಗಳು. ಇವತ್ತು ಅದರ ಉದ್ದ ಸುಮಾರು 3,500 ಕಿಲೋಮೀಟರ್. ಇದಕ್ಕೆ ಬೆವರು ಸುರಿಸಿದವರಲ್ಲಿ ಹೆಚ್ಚಿನವರು ಸಂಬಳದ ನೌಕರರಲ್ಲ, ಊರೂರಿನ ಚಾರಣ ಸಂಘಗಳ ಜನ. 1968ರಲ್ಲಿ ಸರ್ಕಾರ ಕಾನೂನು ಮಾಡಿ ಇದಕ್ಕೆ ರಾಷ್ಟ್ರೀಯ ದಾರಿಯ ಪಟ್ಟ ಕಟ್ಟಿತು. ಪಟ್ಟವೇನೋ ಬಂತು. ಆದರೆ ಮಳೆಗೆ ದಾರಿ ಕೊಚ್ಚಿಹೋದರೆ ಪಟ್ಟ ಬಂದು ಮಣ್ಣು ಹಾಕುತ್ತಾ? ಬಿದ್ದ ಮರ ಕೊಯ್ಯಬೇಕು, ನೀರು ಪಕ್ಕಕ್ಕೆ ಹರಿಯುವಂತೆ ಅಡ್ಡಗಲ್ಲು ಕೂರಿಸಬೇಕು, ಕಾಲುಸಂಕದ ಹಲಗೆ ಬದಲಿಸಬೇಕು. ಅದೂ ಪ್ರತಿ ವರ್ಷ. ದುಡಿಯುವ ಕೈ ಪುಕ್ಕಟೆ ಸಿಗಬಹುದು. ಗರಗಸ, ಹಲಗೆ ಪುಕ್ಕಟೆ ಸಿಗಲ್ಲ.

ಇಂಥ ದಾರಿಗಳು ಆ ದೇಶದ ಉದ್ದಗಲಕ್ಕೂ ಇವೆ. ಅವುಗಳಿಗೆ ದುಡ್ಡು ಹುಟ್ಟಿಸಿದ ರೀತಿ ಸ್ವಾರಸ್ಯದ್ದು. 1991ರಲ್ಲಿ ಐಡಹೋದ ಸೆನೆಟರ್ ಸ್ಟೀವ್ ಸಿಮ್ಸ್ ಹೆಸರಿನ ಕಾನೂನು ಬಂತು. ಅದರ ತರ್ಕ ಸರಳ. ಪೆಟ್ರೋಲ್ ತೆರಿಗೆ ಹೆದ್ದಾರಿ ನಿಧಿಗೆ ಹೋಗುತ್ತೆ. ಆದರೆ ಕಾಡುದಾರಿಯಲ್ಲಿ ಬೈಕು, ಹಿಮದ ಮೇಲೆ ಸ್ನೋಮೊಬೈಲ್ ಓಡಿಸುವವರೂ ಆ ತೆರಿಗೆ ಕಟ್ತಾರೆ. ಅವರು ಅಲ್ಲಿ ಸುಟ್ಟ ಪೆಟ್ರೋಲಿಗೂ ಹೆದ್ದಾರಿಗೂ ಏನು ಸಂಬಂಧ? ಹಾಗಾದರೆ ಆ ಕಾಸು ಕಾಡುದಾರಿಗಳಿಗೇ ವಾಪಸ್ ಬರಲಿ.

ನ್ಯಾಯದ ಮಾತೇ. ದುಡ್ಡು ಬಂತಾ? ಕಾಗದದ ಮೇಲೆ ವರ್ಷಕ್ಕೆ 3 ಕೋಟಿ ಡಾಲರ್‌ವರೆಗೆ ಅವಕಾಶ ಇತ್ತು. ಮೊದಲ ನಾಲ್ಕು ವರ್ಷಗಳಲ್ಲಿ ಕೈಗೆ ಬಂದದ್ದು 1993ರ 75 ಲಕ್ಷ ಡಾಲರ್ ಮಾತ್ರ! 1998ರ ಹೆದ್ದಾರಿ ಕಾನೂನು ಆರು ವರ್ಷಕ್ಕೆ 27 ಕೋಟಿ ಡಾಲರ್ ತೆಗೆದಿಟ್ಟ ಮೇಲೆಯೇ ಯೋಜನೆಗೆ ಜೀವ ಬಂದಿದ್ದು. ಜಗಳ ಬೇಡ ಅಂತ ಹಂಚಿಕೆಯನ್ನೂ ಬರೆದಿಟ್ಟರು: ಶೇ 30 ಮೋಟಾರು ದಾರಿಗಳಿಗೆ, ಶೇ 30 ನಡಿಗೆ, ಸೈಕಲ್, ಕುದುರೆಯಂಥವುಗಳ ದಾರಿಗಳಿಗೆ, ಉಳಿದ ಶೇ 40 ಹಲವು ಬಗೆಯವರು ಬಳಸುವ ದಾರಿಗಳಿಗೆ.

ನನಗೆ ಹಿಡಿಸಿದ ಅಂಶ ಬೇರೆಯದು. ಸಾಮಾನ್ಯವಾಗಿ ಕೇಂದ್ರದ ಪಾಲು ಶೇ 80. ಉಳಿದ ಶೇ 20 ಅನ್ನು ಸ್ಥಳೀಯವಾಗಿ ಹೊಂದಿಸಬೇಕು. ಸಣ್ಣ ಸಂಘ ಎಲ್ಲಿಂದ ತರಬೇಕು? ಸ್ವಯಂಸೇವಕರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ, ಅದನ್ನೇ ತನ್ನ ಪಾಲು ಅಂತ ತೋರಿಸಬಹುದು. ಬೆವರೂ ದುಡ್ಡೇ ಅಂತ ಸರ್ಕಾರಿ ಲೆಕ್ಕದ ಪುಸ್ತಕ ಒಪ್ಪಿಕೊಂಡಿತು ನೋಡಿ!

ಆದರೆ ಈ ಮೊತ್ತ 2009ರ ಮಟ್ಟಕ್ಕೇ, ವರ್ಷಕ್ಕೆ ಸುಮಾರು 8.4 ಕೋಟಿ ಡಾಲರ್‌ಗೆ ನಿಂತುಹೋಯಿತು. 2021ರ ಮೂಲಸೌಕರ್ಯ ಕಾನೂನೂ ಅದನ್ನು ಏರಿಸಲಿಲ್ಲ. ಹಲಗೆಯ ಬೆಲೆ 2009ರಲ್ಲೇ ನಿಂತಿದೆಯಾ? ಗುದ್ದಲಿ ಹಿಡಿದವರ ಸೇವೆಯನ್ನು ಹೊಗಳೋಣ, ಸನ್ಮಾನ ಮಾಡೋಣ, ಬೇಡ ಅನ್ನಲ್ಲ. ಆದರೆ ದೇಶಸೇವೆ ಅಂತ ಗರಗಸದ ಅಂಗಡಿಯವನು ಬಿಲ್ ಕಡಿಮೆ ಮಾಡ್ತಾನಾ, ನೀವೇ ಹೇಳಿ.