ಬೇಟೆಬಿಲ್ಲಿನ ಒರೆ: ವಸ್ತು ಸಂಸ್ಕೃತಿಯ ಒಂದು ನೆಲೆ

ಕತ್ತಿಗೆ ಒರೆಯುಂಟು, ಬಾಣಕ್ಕೆ ಬತ್ತಳಿಕೆಯುಂಟು. ಬಾಣವನ್ನಿಡುವ ಸಾಧನಕ್ಕೆ ಕನ್ನಡದಲ್ಲಿ ಮೂಡಿಗೆ, ದೊಣೆ ಎಂಬ ಹೆಸರುಗಳೂ ಇವೆ. ಅರ್ಜುನನ ಬರಿದಾಗದ ಬತ್ತಳಿಕೆಯನ್ನು ಹಳಗನ್ನಡ ಕಾವ್ಯ 'ತವದೊಣೆ' ಎಂದು ಕರೆದಿದೆ. ಆದರೆ ಬಿಲ್ಲನ್ನೇ ಇಟ್ಟು ಕಾಪಾಡುವ ಚೀಲಕ್ಕೆ ಅಥವಾ ಪೆಟ್ಟಿಗೆಗೆ ಇಷ್ಟು ಪರಿಚಿತವಾದ ಹೆಸರು ಕನ್ನಡದಲ್ಲಿ ರೂಢಿಗೊಂಡಿಲ್ಲ. ಇದನ್ನು ಭಾಷೆಯ ಕೊರತೆಯೆಂದು ಭಾವಿಸುವುದು ಸರಿಯಾಗದು. ಬಿಲ್ಲಿನ ಒಡಲು ಯಾವುದರಿಂದ ಆಗಿದೆ ಎಂಬುದೇ ಅದಕ್ಕೆ ಒರೆ ಬೇಕೆ, ಬೇಕಾದರೆ ಎಂಥದು ಎಂಬುದನ್ನು ನಿರ್ಧರಿಸುತ್ತದೆ. ಈ ಸಂಬಂಧವನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿದಿರು ಅಥವಾ ಒಂದೇ ಮರದಿಂದ ಮಾಡಿದ ಬಿಲ್ಲಿಗೆ ಮೊದಲ ರಕ್ಷಣೆ ಹೆದೆಯನ್ನು ಇಳಿಸುವುದು. ಹೆದೆಯೇರಿಸಿಯೇ ಇಟ್ಟ ಬಿಲ್ಲು ಕ್ರಮೇಣ ಬಾಗಿದಂತೆಯೇ ಉಳಿದು ತನ್ನ ಸೆಡೆತವನ್ನು ಕಳೆದುಕೊಳ್ಳುತ್ತದೆ. ಎರಡನೆಯ ರಕ್ಷಣೆ ಒಣ ಜಾಗ. ಬಿದಿರಿನ ವಸ್ತುಗಳಿಗೆ ಒಲೆಯ ಹೊಗೆ ತಾಗಿದರೆ ಹುಳು ಹತ್ತದು ಎಂಬ ತಿಳಿವು ಗ್ರಾಮೀಣರಲ್ಲಿ ಹಿಂದಿನಿಂದಲೂ ಇದೆ. ಇಂಥ ಬಿಲ್ಲಿಗೆ ಮನೆಯ ಅಟ್ಟವೇ ಒರೆ. ಕಾಡಿಗೆ ಹೋಗುವಾಗ ಅದು ಬೇಟೆಗಾರನ ಕೈಯಲ್ಲಿಯೇ ಇರುತ್ತದೆ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬೇಟೆಗಾರ್ತಿಯ ಶಿಲ್ಪವೂ ಇದ್ದು, ಅವಳು ಬಿಲ್ಲನ್ನು ಕೈಯಲ್ಲಿ ಹಿಡಿದಿದ್ದಾಳೆ.

ಬಿಲ್ಲನ್ನು ದೀರ್ಘಕಾಲ ಬಚ್ಚಿಡಬೇಕಾದಾಗ ಮಾತ್ರ ಸಮಸ್ಯೆ ಬೇರೆಯಾಗುತ್ತದೆ. ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ಅಜ್ಞಾತವಾಸಕ್ಕೆ ಹೊರಡುವಾಗ ಆಯುಧಗಳನ್ನು ಶಮೀವೃಕ್ಷದಲ್ಲಿ, ಎಂದರೆ ಬನ್ನಿಮರದಲ್ಲಿ, ಇರಿಸಿದ ಪ್ರಸಂಗ ಸರ್ವವಿದಿತ. ಈ ಪ್ರಸಂಗದ ಕೆಲವು ವಿವರಗಳು ಆಯುಧರಕ್ಷಣೆಯ ದೃಷ್ಟಿಯಿಂದ ಗಮನಾರ್ಹ. ಸಹೋದರರು ಮೊದಲು ಹೆದೆಗಳನ್ನು ಬಿಚ್ಚುತ್ತಾರೆ. ಮರವೇರಿದ ನಕುಲನು ಮುರಿಯದಂಥ, ಮಳೆನೀರು ಇಳಿಯದಂಥ ಜಾಗಗಳನ್ನು ನೋಡಿ ಅವುಗಳನ್ನು ಬಿಗಿಯಾಗಿ ಕಟ್ಟುತ್ತಾನೆ. ಜನರು ಹತ್ತಿರ ಸುಳಿಯದಿರಲೆಂದು ಅಲ್ಲಿಯೇ ಒಂದು ಶವವನ್ನೂ ಕಟ್ಟುತ್ತಾರೆ. ಮುಂದೆ ಉತ್ತರಕುಮಾರನು ಮರವೇರಿದಾಗ ಅರ್ಜುನನು ಆಯುಧಗಳಿಗೆ ಸುತ್ತಿದ ಹೊದಿಕೆಯನ್ನು ಬಿಚ್ಚುವಂತೆ ಹೇಳುತ್ತಾನೆ. ಸೆಡೆತ, ತೇವ, ಪೆಟ್ಟು, ಕಳವು ಎಂಬ ನಾಲ್ಕು ಅಪಾಯಗಳಿಗೂ ಇಲ್ಲಿ ಉತ್ತರವಿದೆ. ವಿಜಯದಶಮಿಯಂದು ಬನ್ನಿಯನ್ನು ಪೂಜಿಸಿ ಎಲೆಯನ್ನು ಬಂಗಾರವೆಂದು ಹಂಚುವ ಕನ್ನಡ ನಾಡಿನ ಆಚರಣೆಯನ್ನು ಜನರು ಈ ಕಥೆಯೊಂದಿಗೆ ಜೋಡಿಸಿಕೊಂಡಿದ್ದಾರೆ. ಆಯುಧವನ್ನು ಕಾಪಾಡಿದ ಒರೆಯೇ ಇಲ್ಲಿ ಪೂಜೆಗೆ ಪಾತ್ರವಾಗಿದೆ ಎನ್ನಬಹುದು.

ಕೋಡಿನ ಬಿಲ್ಲಿನ ಕಥೆ ಬೇರೆ. ಮರದ ತಿರುಳಿಗೆ ಒಳಮೈಯಲ್ಲಿ ಕೋಡನ್ನೂ ಹೊರಮೈಯಲ್ಲಿ ಪ್ರಾಣಿಯ ನರವನ್ನೂ ಅಂಟಿಸಿ ಮಾಡುವ ಈ ಬಿಲ್ಲು ಗಿಡ್ಡವಾಗಿದ್ದರೂ ಬಲಶಾಲಿ. ಕುದುರೆ ಸವಾರನಿಗೆ ಅನುಕೂಲ. ವಿಷ್ಣುವಿನ ಬಿಲ್ಲಿನ 'ಶಾರ್ಙ್ಗ' ಎಂಬ ಹೆಸರು ಶೃಂಗ, ಎಂದರೆ ಕೋಡು, ಎಂಬ ಪದದಿಂದಲೇ ಬಂದಿದೆ. ಆದರೆ ಬಿಲ್ಲಿನ ಭಾಗಗಳನ್ನು ಹಿಡಿದಿಡುವುದು ಪ್ರಾಣಿಜನ್ಯ ಅಂಟು. ತೇವ ತಗುಲಿದರೆ ಅದು ಸಡಿಲಗೊಂಡು ಪದರಗಳು ಬಿಡುತ್ತವೆ. ಆದುದರಿಂದ ಈ ಬಿಲ್ಲಿಗೆ ಒರೆ ಅನಿವಾರ್ಯವಾಯಿತು. ಸಿಥಿಯನ್ನರು ಬಿಲ್ಲನ್ನೂ ಬಾಣಗಳನ್ನೂ ಒಟ್ಟಿಗೆ ಇಡುವ ಒರೆಯನ್ನು ಎಡಸೊಂಟಕ್ಕೆ ಕಟ್ಟುತ್ತಿದ್ದರು. ಗ್ರೀಕರು ಅದನ್ನು 'ಗೊರಿಟೋಸ್' ಎಂದರು. ಉಕ್ರೇನಿನ ಚೆರ್ತೊಮ್ಲಿಕ್ ದಿಬ್ಬದಲ್ಲಿ 1862-63ರ ಉತ್ಖನನದಲ್ಲಿಯೂ, ಗ್ರೀಸಿನ ವೆರ್ಗಿನಾ ಸಮಾಧಿಯಲ್ಲಿ 1977ರಲ್ಲಿಯೂ ಇಂಥ ಒರೆಗಳ ಚಿನ್ನದ ಹೊದಿಕೆಗಳು ದೊರೆತಿವೆ. ಚಿನ್ನ ಉಳಿಯಿತು, ಬಿಲ್ಲನ್ನು ನಿಜವಾಗಿ ಕಾಪಾಡುತ್ತಿದ್ದ ತೊಗಲು, ಮರ ಮಣ್ಣಾದವು.

ಹೋಮರನ 'ಒಡಿಸ್ಸಿ'ಯ 21ನೆಯ ಸರ್ಗದಲ್ಲಿ ಪೆನೆಲೋಪೆಯು ಗೂಟಕ್ಕೆ ತೂಗುಹಾಕಿದ್ದ ಬಿಲ್ಲನ್ನು ಅದರ ಹೊಳೆಯುವ ಒರೆಯೊಂದಿಗೆ ಇಳಿಸಿ ತರುತ್ತಾಳೆ. ಇಪ್ಪತ್ತು ವರ್ಷಗಳ ನಂತರ ಅದನ್ನು ಕೈಗೆತ್ತಿಕೊಂಡ ಒಡಿಸ್ಯೂಸ್ ಹೆದೆಯೇರಿಸುವ ಮೊದಲು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಕೋಡನ್ನು ಹುಳು ತಿಂದಿದೆಯೋ ಎಂಬುದು ಅವನ ಆತಂಕ. ಒರೆಯು ಮಳೆಯನ್ನು ತಡೆಯುತ್ತದೆ, ಒಳಗೆ ಸೇರಿದ ಹುಳುವನ್ನು ತಡೆಯಲಾರದು ಎಂಬ ಅನುಭವ ಈ ಸಂದರ್ಭದ ಹಿಂದೆ ಇದೆ.

ಒಂಟಿಮರದ ಬಿಲ್ಲಿಗೂ ಒರೆ ಬೇಕಾಗುವ ಪರಿಸರವಿದೆ ಎಂಬುದಕ್ಕೆ ಆಲ್ಪ್ಸ್ ಪರ್ವತ ಸಾಕ್ಷಿ. 1991ರಲ್ಲಿ ಅಲ್ಲಿಯ ಹಿಮದಲ್ಲಿ ದೊರೆತ, 'ಓಟ್ಜಿ' ಎಂದು ಹೆಸರಾದ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ಬಳಿ 1.82 ಮೀಟರ್ ಉದ್ದದ ಯೂ ಮರದ ಬಿಲ್ಲು, ತೊಗಲಿನ ಬತ್ತಳಿಕೆ, 14 ಬಾಣಗಳು ಇದ್ದವು. ಬಾಣಗಳಲ್ಲಿ ಎರಡು ಮಾತ್ರ ಸಿದ್ಧವಾಗಿದ್ದವು; ಬಿಲ್ಲಿನ ಕೆಲಸವೂ ಮುಗಿದಿರಲಿಲ್ಲ. 2003ರ ಬಿರುಬೇಸಿಗೆಯಲ್ಲಿ ಸ್ವಿಟ್ಜರ್‌ಲೆಂಡಿನ ಷ್ನಿಡೆಯೋಖ್ ಕಣಿವೆದಾರಿಯಲ್ಲಿ, ಸುಮಾರು 2,750 ಮೀಟರ್ ಎತ್ತರದಲ್ಲಿ, ಹಿಮ ಕರಗಿದಾಗ ನವಶಿಲಾಯುಗದ ಬಿಲ್ಲಿನ ಒರೆಯೇ ಹೊರಬಂದಿತು. ಅದನ್ನು ಭೂರ್ಜವೃಕ್ಷದ ತೊಗಟೆಯಿಂದ ಹೊಲಿಯಲಾಗಿತ್ತು. ಹಗುರ, ನೀರು ಹೀರದು, ಸುಲಭವಾಗಿ ಕೊಳೆಯದು: ಬೆಟ್ಟ ಹತ್ತುವವನು ಆರಿಸಿಕೊಳ್ಳಬೇಕಾದ ಗುಣಗಳೆಲ್ಲ ಆ ತೊಗಟೆಯಲ್ಲಿವೆ.

ಭಾರತದಲ್ಲಿ ಮೊಘಲರ ಕಾಲದ ಬೇಟೆಯ ಚಿತ್ರಗಳಲ್ಲಿ ಸೊಂಟಕ್ಕೆ ಕಟ್ಟಿದ ಬಿಲ್ಲಿನ ಒರೆ ಕಾಣುತ್ತದೆ. ಪಾರಸಿಯಲ್ಲಿ ಅದರ ಹೆಸರು 'ಕುರ್ಬಾನ್', ಬತ್ತಳಿಕೆಗೆ 'ತರ್ಕಶ್'. ಇಲ್ಲಿಯ ಮಳೆಗಾಲದ ತೇವಕ್ಕೆ ಒರೆಯೊಂದೇ ಸಾಲದಾದುದರಿಂದ ಉಕ್ಕಿನ ಬಿಲ್ಲುಗಳೂ ತಯಾರಾದವು. ಒರೆಯನ್ನು ಬಲಪಡಿಸುವ ಬದಲು ಬಿಲ್ಲಿನ ಒಡಲನ್ನೇ ಬದಲಿಸಿದ ನಿದರ್ಶನವಿದು. ಜಪಾನಿನ ಬಿದಿರು-ಮರದ ಉದ್ದ ಬಿಲ್ಲಿಗಾದರೋ 'ಯುಮಿಬುಕುರೊ' ಎಂಬ ಬಟ್ಟೆಯ ಚೀಲವೇ ಸಾಕಾಯಿತು.

ಅಮೆರಿಕದಲ್ಲಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲು ಈ ಪರಂಪರೆಯನ್ನು ತಿರುವುಮುರುವಾಗಿಸಿತು. ರಾಟೆ ಮತ್ತು ತಂತಿಗಳಿರುವ ಈ ಬೇಟೆಬಿಲ್ಲಿನ ಹೆದೆಯನ್ನು ದಿನವೂ ಇಳಿಸುವುದಿಲ್ಲ. ಅದು ಸದಾ ಬಿಗಿದ ಸ್ಥಿತಿಯಲ್ಲಿಯೇ ಇರುತ್ತದೆ. ಹಾಗಾಗಿ ತೇವಕ್ಕಿಂತ ಪೆಟ್ಟು ಇದಕ್ಕೆ ದೊಡ್ಡ ಶತ್ರು. ವಿಮಾನದಲ್ಲಿ ಸಾಗಿಸಲು ಒಳಗೆ ಸ್ಪಂಜು ತುಂಬಿದ ಗಟ್ಟಿ ಪೆಟ್ಟಿಗೆಯನ್ನೂ, ನಡೆದು ಹೋಗಲು ಮೆತ್ತನೆಯ ಚೀಲವನ್ನೂ ಅಲ್ಲಿಯ ಬೇಟೆಗಾರರು ಆರಿಸುತ್ತಾರೆ. ಒದ್ದೆಯಾದ ಬಿಲ್ಲನ್ನು ಒರೆಸದೆ ಮುಚ್ಚಿಟ್ಟರೆ ಅಂಥ ಪೆಟ್ಟಿಗೆಯೇ ತುಕ್ಕಿಗೆ ಕಾರಣವಾಗುತ್ತದೆ.

ಒಟ್ಟಿನಲ್ಲಿ, ಒರೆಯ ಆಯ್ಕೆಯೆಂಬುದು ಬಿಲ್ಲಿನ ಒಡಲು, ಹೋಗುವ ದಾರಿ, ಹವೆ ಎಂಬ ಮೂರರ ಅರಿವು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಕಾನೂನುಬಾಹಿರವಾಗಿ, ಬೇಟೆಬಿಲ್ಲು ಬಳಕೆಯ ವಸ್ತುವಿನ ಸ್ಥಾನದಿಂದ ಸಂಗ್ರಹಾಲಯದ ವಸ್ತುವಿನ ಸ್ಥಾನಕ್ಕೆ ಸರಿಯಿತು. ಸಂಗ್ರಹಕಾರರು ಬಿಲ್ಲಿನ ಅಳತೆಯನ್ನೂ ಮರದ ಹೆಸರನ್ನೂ ದಾಖಲಿಸಿದರೆ ಸಾಲದು. ಅದನ್ನು ಯಾವ ಬಟ್ಟೆಯಲ್ಲಿ ಸುತ್ತಿದ್ದರು, ಯಾವ ತೊಲೆಗೆ ಸಿಕ್ಕಿಸಿದ್ದರು, ಮಳೆಗಾಲದಲ್ಲಿ ಎಲ್ಲಿಗೆ ಸಾಗಿಸುತ್ತಿದ್ದರು ಎಂಬುದನ್ನು ಬಳಸಿದವರಿಂದಲೇ ಕೇಳಿ ಬರೆದಿಡಬೇಕು. ಬಿಲ್ಲಿಗಿಂತ ಮೊದಲು ಅಳಿಯುವುದು ಅದರ ಒರೆ. ಒರೆಗಿಂತಲೂ ಮೊದಲು ಅಳಿಯುವುದು ಈ ತಿಳಿವು.