ಯಾರ ಮೈಯ ಅಳತೆ?

ಕೈವಾರದ ನಾರೇಯಣ ತಾತಯ್ಯನವರು ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು. ಬಳೆಗಾರನಿಗೆ ಮೊದಲು ತೊಡುವವಳ ಕೈ ತಿಳಿಯಬೇಕು. ಒಬ್ಬಳಿಗೆ ಒಪ್ಪಿದ ಬಳೆಯನ್ನು ಇನ್ನೊಬ್ಬಳಿಗೆ ತೊಡಿಸಹೋದರೆ ಬಳೆ ಒಡೆಯುತ್ತದೆ, ಕೈಯೂ ಗಾಯವಾಗುತ್ತದೆ. ಹೃದ್ರೋಗದ ಚರಿತ್ರೆಯನ್ನು ಓದುವಾಗ ನನಗೆ ಈ ಮಾತು ನೆನಪಾಗುತ್ತದೆ.

ಕೈವಾರದಲ್ಲಿ ನಮ್ಮ ನೆರೆಯ ರೈತರೊಬ್ಬರಿದ್ದರು. ಕಡ್ಡಿಯಂಥ ಕೈಕಾಲು, ಹೊಟ್ಟೆ ಮಾತ್ರ ತುಸು ಮುಂದೆ, ಕೈಯಲ್ಲಿ ಸದಾ ಬೀಡಿ. ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡಿತು. “ಇಷ್ಟು ತೆಳ್ಳಗಿರುವವರಿಗೆ ಹೃದಯದ ಕಾಯಿಲೆ ಎಲ್ಲಿಯದು? ವಾಯು ಇರಬೇಕು” ಎಂದು ನೋಡಿದವರು ಹೇಳಿದರು. ಮೂರನೆಯ ದಿನ ಅವರಿರಲಿಲ್ಲ.

ಆ ತೆಳ್ಳಗಿನ ಮಾತಿಗೆ ಆಧಾರವಾದ ಲೆಕ್ಕ ಎಲ್ಲಿಂದ ಬಂತು? ಅಮೆರಿಕದ ಬಾಸ್ಟನ್ ಸಮೀಪದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಒಂದು ಅಧ್ಯಯನ ತೊಡಗಿತು. 5,209 ಸ್ತ್ರೀಪುರುಷರು, ಬಹುತೇಕ ಎಲ್ಲರೂ ಬಿಳಿಯರು. ರಕ್ತದ ಒತ್ತಡ, ಕೊಲೆಸ್ಟರಾಲ್, ಧೂಮಪಾನ ಇವುಗಳ ಬಗೆಗೆ ನಾವು ತಿಳಿದದ್ದರಲ್ಲಿ ಬಹಳಷ್ಟು ಆ ಊರಿನವರ ಕೊಡುಗೆ. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಒಂದು ಊರಿನ ಅಳತೆ ಲೋಕದ ಅಳತೆಯಾಗಿ ನಿಂತುಬಿಟ್ಟಿತು.

ಅಪಸ್ವರ ಬೇಗನೆ ಕೇಳಿಸಿತ್ತು. 1959ರಲ್ಲಿ ಸಿಂಗಪುರದ ಶವಪರೀಕ್ಷೆಯ ದಾಖಲೆಗಳನ್ನು ಶೋಧಿಸಿದ ದನರಾಜ್ ಮತ್ತು ಸಂಗಡಿಗರು, ಅಲ್ಲಿನ ಚೀನೀಯರಿಗಿಂತ ಭಾರತೀಯರಲ್ಲಿ ಈ ರೋಗ ಹಲವು ಪಟ್ಟು ಹೆಚ್ಚೆಂದು ಕಂಡರು. ನಮ್ಮ ಬೆಂಗಳೂರಿನ ಸರದಿ ಬಂದದ್ದು ತಡವಾಗಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು, ಮೊದಲ ಬಾರಿ ಹೃದಯಾಘಾತವಾದ 200 ರೋಗಿಗಳನ್ನೂ ಆಗದ 200 ಮಂದಿಯನ್ನೂ ಹೋಲಿಸಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಎದ್ದುಕಂಡದ್ದು ಸಿಗರೇಟು, ಬೀಡಿ, ರಕ್ತದ ಒತ್ತಡ, ಸಕ್ಕರೆ, ಮತ್ತು ಸೊಂಟದ ಸುತ್ತಳತೆಗೆ ಹೋಲಿಸಿದ ಹೊಟ್ಟೆಯ ಸುತ್ತಳತೆ. ಮಧುಮೇಹವೆನ್ನುವ ಮಟ್ಟಕ್ಕೆ ಮುಟ್ಟದ ಸಕ್ಕರೆಯೂ ಅಪಾಯವನ್ನು ಹೆಚ್ಚಿಸುತ್ತಿತ್ತು. ನನ್ನ ನೆರೆಯವರ ಚಿತ್ರವೇ ಅಲ್ಲವೇ ಇದು? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದವರ ವಿಷಯದಲ್ಲಿ ದೇಹತೂಕದ ಸೂಚ್ಯಂಕ 25 ಮುಟ್ಟುವವರೆಗೆ ಕಾಯದೆ 23ರಲ್ಲೇ ಎಚ್ಚರವಾಗಬೇಕೆಂದರು.

ಹಾಗಾದರೆ ಇದು ಜನಾಂಗದ ರಕ್ತದಲ್ಲೇ ಬರೆದಿಟ್ಟದ್ದೇ? ಹಾಗೆನ್ನಲು ನನ್ನ ಮನಸ್ಸು ಒಪ್ಪದು. 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ದಕ್ಷಿಣ ಏಷ್ಯದವರಿಗೆ ಮೊದಲ ಆಘಾತದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಆದರೆ ಧೂಮಪಾನ, ಮಧುಮೇಹ ಮೊದಲಾದ ಒಂಬತ್ತು ಅಂಶಗಳನ್ನು ಲೆಕ್ಕಕ್ಕೆ ತಂದಾಗ, ಈ ಅಂತರ ಬಹುಮಟ್ಟಿಗೆ ಕರಗಿತು. ನಮಗೆ ಅವು ಬೇಗ ಅಂಟಿಕೊಳ್ಳುತ್ತವೆ, ಅಷ್ಟೆ.

ಆ ರೈತರ ತಮ್ಮ ಈಗ ವರ್ಷಕ್ಕೊಮ್ಮೆ ಚಿಂತಾಮಣಿಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಬಸ್ಸಿಗೆ ಕಾಯುತ್ತ ಬೀಡಿ ಹಚ್ಚುವುದನ್ನು ಮಾತ್ರ ಬಿಟ್ಟಿಲ್ಲ.