ಸಣ್ಣ ಓಟ, ದೀರ್ಘ ತಂಗು: ಹಂಸಭಾವಿ ಸೀಮೆಯ ದಾರಿಗಳಲ್ಲಿ ಕ್ಯಾರವಾನ್ ಬ್ಯಾಟರಿಯ ದೋಷಶೋಧನೆ

ಕ್ಯಾರವಾನಿನಲ್ಲಿ ನಡುರಾತ್ರಿ ಫ್ಯಾನ್ ನಿಂತರೆ ಅನುಮಾನ ಮೊದಲು ಬೀಳುವುದು ಬ್ಯಾಟರಿಯ ಮೇಲೆ. ‘ಬ್ಯಾಟ್ರಿ ಹೋಗೇತ್ರಿ, ಹೊಸಾದು ಹಾಕಿಸ್ರಿ’ ಎಂಬುದು ಹಾವೇರಿ ಜಿಲ್ಲೆಯ ಯಾವ ಬ್ಯಾಟರಿ ಅಂಗಡಿಯಲ್ಲಾದರೂ ಕೇಳಿಬರಬಹುದಾದ ತೀರ್ಪು. ಹಳೆಯದನ್ನು ಕೊಟ್ಟು ಹೊಸದನ್ನು ತರುವ ಪದ್ಧತಿ ಸಲೀಸಾಗಿರುವುದರಿಂದ ಆ ತೀರ್ಪನ್ನು ಪ್ರಶ್ನಿಸುವವರು ಕಡಿಮೆ. ಕೆಲವು ತಿಂಗಳಲ್ಲಿ ಹೊಸದೂ ಕೈಕೊಡುತ್ತದೆ. ದೋಷದ ಮೂಲ ಹಲವು ಸಲ ಬ್ಯಾಟರಿಯ ಆಚೆಗೆ, ಚಾರ್ಜು ಬರುವ ದಾರಿಯಲ್ಲಿ ಮತ್ತು ಪ್ರಯಾಣದ ಸ್ವರೂಪದಲ್ಲಿ ಇರುತ್ತದೆ ಎಂಬುದು ಈ ಲೇಖನದ ವಾದ. ಹಂಸಭಾವಿಯನ್ನು ನಡುವಿಟ್ಟುಕೊಂಡು ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸುತ್ತುವ ವಾಹನವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದೆ.

ಮಲಗುವ, ಕೂರುವ, ಅಡುಗೆ ಮಾಡುವ ಅನುಕೂಲವುಳ್ಳ ವಾಹನವನ್ನು ಭಾರತದ ನಿಯಮಗಳು ಮೋಟಾರ್ ಕ್ಯಾರವಾನ್ ಎಂದು ಗುರುತಿಸುತ್ತವೆ. ಅದರ ರಚನೆ ಮತ್ತು ಸುರಕ್ಷತೆಗೆ ಎಐಎಸ್-124 ಎಂಬ ಮಾನದಂಡವಿದೆ. ನೋಂದಣಿಯಲ್ಲಿ ಇಲ್ಲದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕಾನೂನಿನ ಮಾತು ಇಷ್ಟು ಸಾಕು. ವಿದ್ಯುತ್ತಿನ ದೃಷ್ಟಿಯಿಂದ ಮುಖ್ಯವಾದದ್ದು, ಇಂಥ ವಾಹನದಲ್ಲಿ ಎರಡು ಬ್ಯಾಟರಿಗಳಿರುತ್ತವೆ ಎಂಬುದು. ಒಂದು ಎಂಜಿನ್ ಎಬ್ಬಿಸುವ ಗಾಡಿ ಬ್ಯಾಟರಿ: ಕೆಲವೇ ಕ್ಷಣ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಇನ್ನೊಂದು ದೀಪ, ಫ್ಯಾನ್, ಫ್ರಿಜ್, ನೀರಿನ ಪಂಪು ನಡೆಸುವ ಮನೆ ಬ್ಯಾಟರಿ. ಸ್ವಲ್ಪ ಸ್ವಲ್ಪವಾಗಿ ಗಂಟೆಗಟ್ಟಲೆ ಕೊಡುತ್ತ ಆಳಕ್ಕೆ ಇಳಿಯುವುದು ಇದರ ಪಾಡು. ಎಂಜಿನ್ ಓಡುವಾಗ ಚಾರ್ಜನ್ನು ಮನೆ ಬ್ಯಾಟರಿಗೆ ದಾಟಿಸಲು ಎರಡರ ನಡುವೆ ಒಂದು ರಿಲೇ ಅಥವಾ ಡಿಸಿ-ಡಿಸಿ ಚಾರ್ಜರ್ ಕೂತಿರುತ್ತದೆ. ಮನೆಯ ಇನ್ವರ್ಟರಿಗೆ ಬಳಸುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ಗಾಡಿಯೊಳಗೆ ಕೂರಿಸುವುದುಂಟು. ಆ ಬ್ಯಾಟರಿಯ ರಾಸಾಯನಿಕ ತತ್ತ್ವ ಗಾಸ್ತೊಂ ಪ್ಲಾಂಟೆ 1859ರಲ್ಲಿ ತೋರಿಸಿದ್ದೇ: ಸೀಸ, ಸೀಸದ ಡೈಆಕ್ಸೈಡ್, ಸಲ್ಫ್ಯೂರಿಕ್ ಆಮ್ಲ. ಬಳಸಿದಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜಿನಲ್ಲಿ ಕರಗುತ್ತದೆ. ಪೂರ್ತಿ ಚಾರ್ಜಾಗದೆ ವಾರಗಟ್ಟಲೆ ಉಳಿದರೆ ಆ ಸಲ್ಫೇಟ್ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಕರಗುವುದು ಕಷ್ಟ.

ಇಲ್ಲಿ ಭೂಗೋಳ ಮುಖ್ಯವಾಗುತ್ತದೆ. ಅಬ್ಬಲೂರಿನ ಸೋಮೇಶ್ವರ, ಜಿಲ್ಲೆಯ ಗಡಿಯಾಚೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಮತ್ತು ನವಿಲುಧಾಮ, ಕನಕದಾಸರ ಬಾಡ, ಶರೀಫರ ಶಿಶುನಾಳ: ನೋಡುವ ಜಾಗಗಳು ಒತ್ತೊತ್ತಾಗಿವೆ. ಒಂದರಿಂದ ಮುಂದಿನದಕ್ಕೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಓಟ, ಆಮೇಲೆ ಅರ್ಧ ದಿನದ ತಂಗು. ಪ್ರವಾಸಿಗೆ ಇದು ಹಿತ. ಸೀಸದ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ದಿನಚರಿ ಇಲ್ಲ.

ಒಂದು ಮಾದರಿ ಲೆಕ್ಕ ಹಾಕೋಣ. ಸಣ್ಣ 12 ವೋಲ್ಟ್ ಫ್ರಿಜ್ಜಿಗೆ ದಿನಕ್ಕೆ 35 ಆಂಪಿಯರ್-ಅವರ್. 2 ಆಂಪಿಯರ್ ಎಳೆಯುವ ಫ್ಯಾನ್ ಹತ್ತು ಗಂಟೆ ತಿರುಗಿದರೆ 20. ದೀಪ, ಪಂಪು, ಮೊಬೈಲಿಗೆ 10. ಆರಿಸಲು ಮರೆತ ಇನ್ವರ್ಟರ್ ಏನೂ ನಡೆಸದೆ ಸುಮ್ಮನೆ ಕುಡಿಯುವುದು ಇನ್ನೊಂದು 10. ಒಟ್ಟು 75. ಮುಕ್ಕಾಲು ಗಂಟೆಯ ಎರಡು ಓಟಗಳಲ್ಲಿ, ತಂತಿ ಚೆನ್ನಾಗಿದ್ದು 20 ಆಂಪಿಯರ್ ಹರಿಯಿತೆಂದೇ ಹಿಡಿದರೂ, ಒಳಬರುವುದು 30. ದಿನಕ್ಕೆ 45ರ ಕೊರತೆ. ಪೂರ್ತಿ ತುಂಬಿದ 150ರಿಂದ ಹೊರಟ ಬ್ಯಾಟರಿ ಎರಡನೆಯ ದಿನ ಮುಗಿಯುವಷ್ಟರಲ್ಲಿ 60ಕ್ಕೆ, ಅಂದರೆ ಐದರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ. ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇದಲ್ಲದೆ ಸೀಸದ ಬ್ಯಾಟರಿ ಶೇ. 80ರ ನಂತರ ಚಾರ್ಜನ್ನು ನಿಧಾನವಾಗಿಯೇ ಸ್ವೀಕರಿಸುತ್ತದೆ. ಕೊನೆಯ ಶೇ. 20ಕ್ಕೆ ಹಲವು ಗಂಟೆ ಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿನ ತನಕ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದೇ ಸಮ ಓಡುವ ಗಾಡಿಗೆ ಆ ಗಂಟೆಗಳು ಸಿಗುತ್ತವೆ. ಹಂಸಭಾವಿಯಿಂದ ಹಾನಗಲ್ಲಿಗೆ ಹೋಗಿ ನಿಲ್ಲುವ ಗಾಡಿಗೆ ಸಿಗುವುದಿಲ್ಲ.

20 ಆಂಪಿಯರ್ ಹರಿಯುವುದೂ ಉದಾರವಾದ ಊಹೆಯೇ. ಮನೆ ವೈರಿಂಗ್ ಮಾಡುವವರ ಕೈಗೆ ಮೊದಲು ಬರುವುದು 2.5 ಚದರ ಮಿಲಿಮೀಟರ್ ತಂತಿ. 230 ವೋಲ್ಟಿನಲ್ಲಿ ಒಂದು ವೋಲ್ಟ್ ಸೋರಿದರೆ ಯಾರ ಗಮನಕ್ಕೂ ಬರುವುದಿಲ್ಲ. 12 ವೋಲ್ಟಿನಲ್ಲಿ ಅದೇ ಒಂದು ವೋಲ್ಟ್ ಚಾರ್ಜನ್ನೇ ನಿಲ್ಲಿಸಬಲ್ಲದು. ಎಂಜಿನ್ನಿನಿಂದ ಹಿಂದಿನ ಬೆಂಚಿನವರೆಗೆ ಐದು ಮೀಟರ್, ಹೋಗಿಬರುವ ದಾರಿ ಸೇರಿ ಹತ್ತು ಮೀಟರ್ ಎಂದಿಟ್ಟುಕೊಳ್ಳಿ. ತಾಮ್ರದ ರೋಧಶೀಲತೆಯ ಲೆಕ್ಕದಲ್ಲಿ 2.5ರ ತಂತಿಯ ರೋಧ ಸುಮಾರು 0.069 ಓಮ್, 20 ಆಂಪಿಯರಿಗೆ ನಷ್ಟ 1.4 ವೋಲ್ಟ್. ಎಂಜಿನ್ ತಿರುಗಿಸುವ ಆಲ್ಟರ್ನೇಟರ್ ಕೊಡುವ 14.2 ವೋಲ್ಟಿನಲ್ಲಿ ಬ್ಯಾಟರಿಗೆ ತಲುಪುವುದು 12.8. ಅಷ್ಟು ಕಡಿಮೆ ಒತ್ತಡದಲ್ಲಿ ಬ್ಯಾಟರಿ 20 ಆಂಪಿಯರನ್ನು ಎಳೆಯುವುದೇ ಇಲ್ಲ. ಪ್ರವಾಹ ತಾನಾಗಿ ಕುಗ್ಗುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.2 ವೋಲ್ಟಿನ ಆಸುಪಾಸು. ಇಷ್ಟಾಗಿ ತಂತಿಗೆ ದುಡ್ಡು ಉಳಿಸಿ ಬ್ಯಾಟರಿಗೆ ಎರಡೆರಡು ಸಲ ಸುರಿಯುವವರು ಇದ್ದೇ ಇದ್ದಾರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲಿನ ಹಲವು ವಾಹನಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರಿನ ವೋಲ್ಟನ್ನೇ ಕಂಪ್ಯೂಟರ್ ಇಳಿಸುತ್ತದೆ. ವೋಲ್ಟ್ ನೋಡಿ ಕೂಡುವ ಹಳೆಯ ಬಗೆಯ ರಿಲೇ ಆಗ ಓಡುವಾಗಲೇ ಬಿಟ್ಟುಕೊಳ್ಳುತ್ತದೆ. ಅಂಥಲ್ಲಿ ಡಿಸಿ-ಡಿಸಿ ಚಾರ್ಜರ್ ಬಿಟ್ಟರೆ ಬೇರೆ ದಾರಿಯಿಲ್ಲ.

ರಿಪೇರಿಯ ಕಡೆ ಬರೋಣ. ಹಂಸಭಾವಿಯಂಥ ಊರುಗಳಲ್ಲಿ ಗಾಡಿ ವೈರಿಂಗಿನ ವಿದ್ಯೆ ಬೆಳೆದದ್ದು ಟ್ರ್ಯಾಕ್ಟರ್ ಮತ್ತು ಲಾರಿಗಳ ಮೇಲೆ. ಅದನ್ನು ಹಗುರಾಗಿ ಕಾಣುವಂತಿಲ್ಲ: ಸಡಿಲವಾದ ಬಾಡಿ ಅರ್ಥನ್ನು ಟೆಸ್ಟ್ ಲ್ಯಾಂಪ್ ಒಂದರಿಂದಲೇ ಹಿಡಿಯುವ ಕೈಗಳು ಅಲ್ಲಿವೆ. ಆದರೆ ಡೈನಮೊ ಮತ್ತು ಕಟ್‌ಔಟ್ ಕಾಲದ ಮೂರು ರೂಢಿಗಳು ಇಂದಿನ ವಾಹನಕ್ಕೆ ಅಪಾಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ‘ಡೈನಮೊ ಚಾರ್ಜ್ ಮಾಡ್ತದೇನು’ ಎಂದು ನೋಡುವುದು ಮೊದಲನೆಯದು. ಹಳೆಯ ಟ್ರ್ಯಾಕ್ಟರ್ ಇದನ್ನು ತಡೆದುಕೊಂಡೀತು. ಆಲ್ಟರ್ನೇಟರಿರುವ ಗಾಡಿಯಲ್ಲಿ ಬ್ಯಾಟರಿ ಕಡಿದ ಕ್ಷಣ ವೋಲ್ಟು ನೂರರ ಸಮೀಪಕ್ಕೆ ಜಿಗಿಯಬಲ್ಲದು. ಆಲ್ಟರ್ನೇಟರಿನ ಡಯೋಡು, ಎಂಜಿನ್ ಕಂಪ್ಯೂಟರ್, ಚಾರ್ಜರ್ ಯಾವುದಾದರೂ ಸುಟ್ಟುಹೋಗಬಹುದು. ತಂತಿಯನ್ನು ಟರ್ಮಿನಲ್ಲಿಗೆ ತಾಗಿಸಿ ಕಿಡಿ ನೋಡಿ ಶಕ್ತಿ ಅಳೆಯುವುದು ಎರಡನೆಯದು. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು ಶೇ. 4 ದಾಟಿದರೆ ಹೊತ್ತಿಕೊಳ್ಳುತ್ತದೆ. ಮಲಗುವ ಬೆಂಚಿನ ಕೆಳಗೆ ಮುಚ್ಚಿಟ್ಟ ಬ್ಯಾಟರಿಯ ಬಳಿ ಕಿಡಿಯಾಟ ಬೇಡವೇ ಬೇಡ. ಮೂರನೆಯದು, ಆಮ್ಲದ ಸಾಂದ್ರತೆ ಕಡಿಮೆ ಬಂತೆಂದು ಆಸಿಡ್ ಸುರಿಯುವುದು. ಚಾರ್ಜ್ ಇಳಿದಾಗ ಆಮ್ಲ ಫಲಕಗಳಲ್ಲಿ ಸಲ್ಫೇಟಾಗಿ ಅಡಗಿರುತ್ತದೆ, ಎಲ್ಲೂ ಹೋಗಿರುವುದಿಲ್ಲ. ಆಮ್ಲ ಚೆಲ್ಲಿ ಹೋಗದ ಹೊರತು ಹಾಕಬೇಕಾದದ್ದು ಡಿಸ್ಟಿಲ್ಡ್ ನೀರನ್ನು ಮಾತ್ರ.

ಪರೀಕ್ಷೆಯ ಅನುಕ್ರಮವೇ ಅರ್ಧ ಉತ್ತರ. ಎಲ್ಲವನ್ನೂ ಆರಿಸಿ ನಾಲ್ಕಾರು ಗಂಟೆ ಬಿಟ್ಟು ವೋಲ್ಟ್ ನೋಡಬೇಕು: 12.7 ಇದ್ದರೆ ತುಂಬಿದೆ, 12.2 ಅರ್ಧ, 11.8 ಬರಿದು. ಓಡಿಸಿ ನಿಲ್ಲಿಸಿದ ಕೂಡಲೇ ಕಾಣುವ 13ಕ್ಕೆ ಬೆಲೆಯಿಲ್ಲ. ಬಳಿಕ ಚಾರ್ಜರಿಗೆ ಹಾಕಿ ಪೂರ್ತಿ ತುಂಬಿಸಿ ಆರೂ ಸೆಲ್ಲುಗಳಿಗೆ ಹೈಡ್ರೋಮೀಟರ್ ಇಳಿಸಬೇಕು. ಎಲ್ಲವೂ ಸಮನಾಗಿ ಕಡಿಮೆಯಿದ್ದರೆ ಅದು ಚಾರ್ಜಿನ ಕೊರತೆ ಅಥವಾ ಸಲ್ಫೇಟ್. ಒಂದೇ ಸೆಲ್ ಸಾಂದ್ರತೆಯಲ್ಲಿ ಉಳಿದವಕ್ಕಿಂತ 0.050ಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರೆ ಆಗ ಅಂಗಡಿಯವರ ಮಾತು ನಿಜ. ಮುಂದಿನದು ಎಂಜಿನ್ ಓಡುವಾಗ ಎರಡು ಕಡೆ ಅಳೆಯುವುದು: ಗಾಡಿ ಬ್ಯಾಟರಿಯ ಮೇಲೊಮ್ಮೆ, ಮನೆ ಬ್ಯಾಟರಿಯ ಮೇಲೊಮ್ಮೆ. ಅರ್ಧ ವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ದೋಷ ತಂತಿ, ಫ್ಯೂಸಿನ ಹಿಡಿಕೆ, ರಿಲೇಯ ಸಂಪರ್ಕ, ಅರ್ಥ್ ಬೋಲ್ಟು ಇವುಗಳಲ್ಲೊಂದರಲ್ಲಿದೆ. ಹಾನಗಲ್ಲ, ಹಿರೇಕೆರೂರುಗಳ ಅರೆಮಲೆನಾಡಿನ ಮಳೆಗೆ ಚಾಸಿಯ ಅರ್ಥ್ ಬೋಲ್ಟು ತುಕ್ಕು ಹಿಡಿಯುವುದು ಸಹಜವಾದ್ದರಿಂದ ಮೊದಲು ಅದನ್ನೇ ಬಿಚ್ಚಿ ಉಜ್ಜುವುದು ಲೇಸು.

ನಿಂತ ಗಾಡಿಯ ಸೋರಿಕೆಯದು ಬೇರೆ ಕಥೆ. ಬಾಗಿಲು ಹಾಕಿ, ಕಂಪ್ಯೂಟರ್ ನಿದ್ದೆಗೆ ಜಾರಲು ಅರ್ಧ ಗಂಟೆಯಾದರೂ ಕಾದು, ನೆಗೆಟಿವ್ ದಾರಿಯ ಪ್ರವಾಹ ಅಳೆಯಬೇಕು. 50 ಮಿಲಿಆಂಪಿಯರ್ ಸಹ್ಯ. 300 ಇದ್ದರೆ ದಿನಕ್ಕೆ 7.2 ಆಂಪಿಯರ್-ಅವರ್ ಹೋಗಿ, 70ರ ಗಾಡಿ ಬ್ಯಾಟರಿ ಐದು ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಮ್ಯೂಸಿಕ್ ಸಿಸ್ಟಮ್, ಜಿಪಿಎಸ್, ಆಲ್ಟರ್ನೇಟರಿನ ಸೋರುವ ಡಯೋಡು ಮಾಮೂಲಿ ಆರೋಪಿಗಳು.

ಹೊರಗಿನ ಕರೆಂಟಿನಿಂದ ರಾತ್ರಿಯಿಡೀ ಚಾರ್ಜ್ ಮಾಡಿಕೊಂಡರೆ ಸಣ್ಣ ಓಟದ ಕೊರತೆ ನೀಗುತ್ತದೆ. ಹೆಸ್ಕಾಂ ಲೈನಿರುವ ಊರಮನೆಯಲ್ಲಿ ಇದು ಸುಲಭ. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆಯುವುದು ಮಾತ್ರ ಬೇಡ: ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ನಿರೀಕ್ಷಿಸುವ ಉಪಕರಣಕ್ಕೆ 400ರ ಹತ್ತಿರ ಬಡಿಯಬಹುದು. ಅರ್ಥಿಲ್ಲದ ಪ್ಲಗ್ಗಿಗೆ ಜೋಡಿಸಿದ ಕ್ಯಾರವಾನಿನ ತಗಡಿನ ಮೈಯೇ ಕರೆಂಟು ಹೊಡೆಯಬಲ್ಲದು, ಟೈರು ರಬ್ಬರಿನದಾದ್ದರಿಂದ ಅದಕ್ಕೆ ನೆಲದ ಸಂಪರ್ಕವೂ ಇರುವುದಿಲ್ಲ. ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಹೊರಗಿನ ಕರೆಂಟ್ ಪಡೆಯಬಾರದು.

ಚಾವಣಿಯ 200 ವಾಟ್ ಸೌರಫಲಕ ಬೇಸಿಗೆಯಲ್ಲಿ ನಷ್ಟ ಕಳೆದು ದಿನಕ್ಕೆ ಸುಮಾರು 55 ಆಂಪಿಯರ್-ಅವರ್ ಕೊಡುತ್ತದೆ. ಮೇಲಿನ ಲೆಕ್ಕದ 45ರ ಕೊರತೆ ಅದರಿಂದ ತುಂಬುತ್ತದೆ. ಮಳೆಗಾಲದಲ್ಲಿ ಅರ್ಧಕ್ಕಿಳಿಯುತ್ತದೆ. ತೊಡಕೆಂದರೆ, ಏಪ್ರಿಲ್ ಬಿಸಿಲಿಗೆ ಎಲ್ಲರೂ ಗಾಡಿಯನ್ನು ಹುಣಸೆಯದೋ ಬೇವಿನದೋ ನೆರಳಲ್ಲಿ ನಿಲ್ಲಿಸುತ್ತಾರೆ. ಫಲಕದ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಬಹಳ ಕುಸಿಯುತ್ತದೆ. ಇತ್ತ ಬಿಸಿಲಿಗೆ ಬಿಟ್ಟರೆ ಸುಮಾರು ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ. ಮಡಚುವ ಫಲಕವೊಂದನ್ನು ಉದ್ದ ತಂತಿಯೊಡನೆ ಬಿಸಿಲಲ್ಲಿ ಹರಡಿ, ಗಾಡಿಯನ್ನು ನೆರಳಿಗೆ ಬಿಡುವುದು ಈ ಸೀಮೆಗೆ ಹೆಚ್ಚು ಹೊಂದುವ ಏರ್ಪಾಡು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರೆತುಂಬಿದ ಸ್ಥಿತಿಯಲ್ಲೂ ಸಲ್ಫೇಟ್ ಕಟ್ಟದು. ಸಣ್ಣ ಓಟದಲ್ಲಿ ಬೇಗ ತುಂಬಿಕೊಳ್ಳುತ್ತದೆ. ಸೀಮೆಯ ಸ್ವಭಾವಕ್ಕೆ ಸರಿಹೊಂದುವುದು ಅದೇ. ಆದರೆ ಹಳೆಯ ರಿಲೇಯ ಮೂಲಕ ನೇರ ಜೋಡಿಸಿದರೆ ಅದು ಎಳೆಯುವ ಭಾರಿ ಪ್ರವಾಹಕ್ಕೆ ಆಲ್ಟರ್ನೇಟರ್ ಕಾದು ಸುಡಬಹುದು. ಜೊತೆಗೆ ಅದರ ವೋಲ್ಟು ಬಹುತೇಕ ಕೊನೆಯ ತನಕ 13.2ರ ಆಸುಪಾಸಿನಲ್ಲೇ ನಿಂತಿರುತ್ತದೆ. ಆಗ ವೋಲ್ಟ್‌ಮೀಟರ್ ಹಿಡಿದು ಚಾರ್ಜ್ ಎಷ್ಟಿದೆಯೆಂದು ಹೇಳಲಾಗದು. ಒಳಹೋದದ್ದನ್ನೂ ಹೊರಬಂದದ್ದನ್ನೂ ಎಣಿಸುವ ಷಂಟ್ ಮೀಟರ್ ಬೇಕು.